ಮೂರನೆಯ ಮೂಗು

ಹಾಲು ಉಕ್ಕಿ, ಇಂಗಿ, ಪಾತ್ರೆಯ ತಳ ಕರಕಲಾಗುತ್ತಿದ್ದರೂ ಅಕ್ಕನ ಮನೆಗೆ ಬಂದಿದ್ದ ಮೇಷ್ಟ್ರು ಒಲೆಯ ಕಡೆ ಬೆನ್ನು ಹಾಕಿ ಪೇಪರ್ ಓದುತ್ತ ಕೂತಿದ್ದರು. ಅಂಗಡಿಯಿಂದ ಕುಡಿಯುವ ನೀರಿನ ಕ್ಯಾನು ಹೊತ್ತು ತಂದ ಅಕ್ಕ ಅದನ್ನು ಬಾಗಿಲಲ್ಲೇ ಇಳಿಸಿ, ಓಡಿ ಬಂದು ಒಲೆ ಆರಿಸಿದಳು.

"ಸೀದ ವಾಸನೆ ಬೀದಿ ತನಕ ಬಂದಿದೆ. ನಿನ್ನ ಮೂಗೇನು ಬಾಡಿಗೆಗೆ ಕೊಟ್ಟಿದೀಯಾ?"

"ನೆಗಡಿ ಕಣಕ್ಕ."

ಅಕ್ಕ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ತಮ್ಮನ ಮೂಗಿನ ಕೆಳಗೇ ತಂದಳು. "ಈಗ?"

ಮೇಷ್ಟ್ರು ಉಸಿರೆಳೆದರು. ಬಿಸಿ ತಾಗಿತು, ಅಷ್ಟೇ. ಮೂಗು ಕಟ್ಟಿರಲಿಲ್ಲ, ಉಸಿರು ಸರಾಗವಾಗಿತ್ತು. ಹೋದ ತಿಂಗಳು ಜ್ವರ ಬಿಟ್ಟಾಗಿನಿಂದ ಊಟವೆಲ್ಲ ಸಪ್ಪೆಯಾಗಿದ್ದದ್ದು ಈಗ ನೆನಪಾಯಿತು. ಅದಕ್ಕೆ ಇಷ್ಟು ದಿನ ಬೈಸಿಕೊಂಡವನು, ಪಾಪ, ಮೆಸ್ಸಿನ ಅಡುಗೆಯವನು.

"ಬರ್ತಿಲ್ಲ," ಎಂದರು.

ಅಕ್ಕ ಕುರ್ಚಿಯ ಮೇಲೆ ಕುಸಿದಳು. "ಇವತ್ತೇ ಆಗ್ಬೇಕಿತ್ತಾ ಇದು?"

ಮೇಲಿನ ರಸ್ತೆಯಲ್ಲಿ ಚರ್ಮ ಹದ ಮಾಡುವ ಕಾರ್ಖಾನೆ ಶುರುವಾದಾಗಿನಿಂದ ಅಕ್ಕನ ಬೀದಿಯ ನಲ್ಲಿ ನೀರು ನಾರುತ್ತಿತ್ತು. ಯಂತ್ರ ಇಟ್ಟು ನೋಡಿದರೆ ಎಲ್ಲವೂ ಸರಿ. ಮೇಷ್ಟ್ರು ಕಾಲೇಜಿನಲ್ಲಿ ಕಲಿಸುತ್ತಿದ್ದುದು ತತ್ವಶಾಸ್ತ್ರ. ಅದರಲ್ಲೂ ಸಿದ್ಧಾಂತ, ಅಂಕಿಅಂಶ, ಪೂರ್ವಗ್ರಹಗಳನ್ನೆಲ್ಲ ಬದಿಗಿಟ್ಟು, ಲೋಕ ನಮ್ಮ ಅನುಭವಕ್ಕೆ ಹೇಗೆ ತೋರುತ್ತದೋ ಅದನ್ನು ಹಾಗೆಯೇ ವಿವರಿಸಬೇಕು ಎನ್ನುವ ಪಂಥ. ಇದರಿಂದ ಮೂರು ಕಾಸಿನ ಪ್ರಯೋಜನವಿಲ್ಲವೆಂದು ಮನೆಮಂದಿಯೆಲ್ಲ ಆಡಿಕೊಳ್ಳುತ್ತಿದ್ದ ಆ ವಿದ್ಯೆ ಕೊನೆಗೂ ಕೆಲಸಕ್ಕೆ ಬಂದಿತ್ತು. ವಾಸನೆ ಇರುವುದು ಯಂತ್ರದೊಳಗಲ್ಲ, ಮನುಷ್ಯರ ಅನುಭವದಲ್ಲಿ. ಆದ್ದರಿಂದ ಮೂಸಿಯೇ ನೋಡಬೇಕು ಎಂದು ನಗರಸಭೆಯಲ್ಲಿ ವಾದಿಸಿ ಮೇಷ್ಟ್ರು ಗೆದ್ದಿದ್ದರು. ನೀರು ಸರಬರಾಜಿನ ಎಂಜಿನಿಯರು, ಒಬ್ಬ ಡಾಕ್ಟರು, ಮೇಷ್ಟ್ರು ಹೀಗೆ ಮೂವರ ಸಮಿತಿಯಾಯಿತು. ಮೂವರೂ ನೀರು ಮೂಸಿ ಹೇಳಬೇಕಿದ್ದುದು ಇವತ್ತೇ. ಇಬ್ಬರು ನಾರುತ್ತದೆ ಎಂದರೆ ಕಾರ್ಖಾನೆಯ ಕೊಳಚೆ ಕೊಳವೆ ಬಂದ್. ನಿಯಮ ಬರೆದುಕೊಟ್ಟವರೂ ಮೇಷ್ಟ್ರೇ: ತನಗೆ ತೋರಿದ್ದನ್ನಷ್ಟೇ ಹೇಳಬೇಕು, ಕಾರಣ, ಊಹೆ, ಇನ್ನೊಬ್ಬರ ಮಾತು ಯಾವುದೂ ಲೆಕ್ಕಕ್ಕಿಲ್ಲ. ಅಕ್ಕನ ಮನೆ ಅಲ್ಲೇ ಇದೆಯೆಂದು ಕಾರ್ಖಾನೆಯವರು ತಕರಾರು ತೆಗೆದಾಗ, ಇವರು ಸುಳ್ಳು ಹೇಳುವ ಪೈಕಿಯಲ್ಲ ಎಂದು ನಗರಸಭೆಯ ಅಧ್ಯಕ್ಷೆಯೇ ಅವರ ಬಾಯಿ ಮುಚ್ಚಿಸಿದ್ದರು.

"ಹೌದು, ನಾರುತ್ತೆ ಅಂದ್ಬಿಡು," ಎಂದಳು ಅಕ್ಕ. "ಸುಳ್ಳೇನಲ್ವಲ್ಲ."

"ನಾರುತ್ತೆ ಅನ್ನೋದು ನಿಜ ಅಕ್ಕ. ನನಗೆ ನಾರುತ್ತೆ ಅನ್ನೋದು ಸುಳ್ಳು."

"ನನ್ನ ಮೂಗೇ ನಿಂದು ಅಂದ್ಕೋ. ಚಿಕ್ಕೋನಿದ್ದಾಗ ನನ್ನ ತಟ್ಟೇಲಿ ಅರ್ಧ ತಿಂದೋನು ನೀನು. ಈಗ ಮೂಗು ಹಂಚ್ಕೊಳ್ಳೋಕೆ ಏನು ದಾಡಿ?" ನಗಿಸಲು ಹೊರಟವಳ ದನಿ ನಡುವೆಯೇ ಒಡೆಯಿತು. "ಮೊಮ್ಮಗಳ ಪಕ್ಕ ಶಾಲೇಲಿ ಯಾರೂ ಕೂರ್ತಿಲ್ಲ ಕಣೋ. ತೊಳೆದಷ್ಟೂ ನಾರ್ತಾಳೆ ಮಗು."

"ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಜ್ವರದಿಂದ ಹೀಗಾಗಿದೆ, ಬೇರೆಯವರನ್ನ ಹಾಕಿ ಅಂತೀನಿ. ಕೇಳದೆ ಏನು?"

ಕೇಳುತ್ತಾರೆಂದು ಅವರು ನಿಜವಾಗಿಯೂ ನಂಬಿದ್ದರು.

ಪ್ರಾರ್ಥನಾ ಮಂದಿರದ ಸಭಾಂಗಣದಲ್ಲಿ ಬೀದಿಗೆ ಬೀದಿಯೇ ಸೇರಿತ್ತು. ಅಧ್ಯಕ್ಷೆ ಮೇಷ್ಟ್ರ ಮಾತನ್ನು ಪೂರ್ತಿ ಕೇಳಿಸಿಕೊಂಡು, ಅಯ್ಯೋ ಪಾಪ ಎಂದರು.

"ಮೂಗು ಸರಿಯಾಗಿ ಇವತ್ತೇ ಹೋಯ್ತಾ?" ಎಂದ ಕಾರ್ಖಾನೆಯ ವಕೀಲ.

"ಸಮಿತಿ ಬದಲಾಯಿಸ್ಬೇಕು ಅಂದ್ರೆ ಚುನಾವಣೆ ಮುಗೀಬೇಕು ಸಾರ್," ಎಂದರು ಅಧ್ಯಕ್ಷೆ. "ಆಮೇಲೆ ನಾನೇ ಇರ್ತೀನೋ ಇಲ್ವೋ. ಬಂದ್ರೆ ಬಂತು ಅನ್ನಿ, ಇಲ್ದಿದ್ರೆ ಇಲ್ಲ ಅನ್ನಿ. ಕಾರಣ ಬೇಡ ಅಂತ ನೀವೇ ಬರೆದುಕೊಟ್ಟಿದೀರಿ."

ಎಲ್ಲರೆದುರೇ ನಲ್ಲಿಯಿಂದ ಗಾಜಿನ ಜಾಡಿಗೆ ನೀರು ಹಿಡಿದರು. ಎಂಜಿನಿಯರು ಮೂಸಿ, "ನನಗೇನೂ ಇಲ್ಲ," ಎಂದು ಜಾಡಿಯನ್ನು ದಾಟಿಸಿದರು. ಡಾಕ್ಟರು ಮೂಸಿ ಕೆಮ್ಮಿದರು. "ಕೊಳೆತ ಮೊಟ್ಟೆ. ಖಂಡಿತ ಇದೆ." ಜಾಡಿ ಮೇಷ್ಟ್ರ ಕೈಗೆ ಬಂತು.

ಮುಂದಿನ ಸಾಲಿನಲ್ಲಿದ್ದ ಮಂದಿರದ ಹಿರಿಯರು ಎದ್ದು ನಿಂತರು. "ಕಾಣದೇ ಇರೋ ದೇವರನ್ನ ನಂಬ್ಕೊಂಡು ನಾವು ಇಲ್ಲಿ ಸೇರ್ತೀವಿ. ಕಣ್ಣೆದುರಿಗಿರೋ ಇಷ್ಟು ಜನರ ಮೂಗನ್ನ ನಂಬೋಕೆ ನಿಮಗಾಗಲ್ವಾ ಮೇಷ್ಟ್ರೇ?"

ತರಗತಿಯಲ್ಲಾಗಿದ್ದರೆ ಈ ಪ್ರಶ್ನೆಗೆ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಈಗ ಜಾಡಿಯನ್ನು ಮೂಗಿಗೆ ಹಿಡಿದರು. ಎದೆ ತುಂಬ ಉಸಿರೆಳೆದರು. ಮುಂದಿನ ಸಾಲಿನವರು ಮುಖ ತಿರುಗಿಸಿದ್ದರು, ಒಬ್ಬಾಕೆ ಮೂಗಿಗೆ ಕರವಸ್ತ್ರ ಒತ್ತಿದ್ದಳು, ಹಿಂದೆ ಗೋಡೆಗೊರಗಿದ್ದ ಅಕ್ಕ ಹೂಂ ಅನ್ನು, ಹೂಂ ಅನ್ನು ಎಂದು ತಲೆಯಾಡಿಸುತ್ತಿದ್ದಳು. ನೀರು ನಾರುತ್ತಿದೆ ಎನ್ನುವುದರಲ್ಲಿ ಮೇಷ್ಟ್ರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಮತ್ತೊಮ್ಮೆ ಮೂಸಿದರು. ಏನೂ ಇಲ್ಲ. ಹೌದು ಎನ್ನಲು ಬಾಯಿ ತೆರೆದರು, ನಾಲಿಗೆ ಹೊರಳಲಿಲ್ಲ.

"ನನಗೆ... ಏನೂ ಬರ್ತಾ ಇಲ್ಲ."

"ವಾಸನೆ ಇಲ್ಲ ಅಂತ ಬರ್ಕೊಳ್ಳಿ," ಎಂದರು ಅಧ್ಯಕ್ಷೆ ಗುಮಾಸ್ತನಿಗೆ.

"ಇಲ್ಲ ಅಂದಿಲ್ಲ ನಾನು! ನನಗೆ ಬರ್ತಾ ಇಲ್ಲ ಅಂದೆ, ಅಷ್ಟೇ!"

ಗದ್ದಲದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. "ಎಷ್ಟು ಕೊಟ್ರೋ ನಿಂಗೆ?" ಎಂದು ಹಿಂದಿನಿಂದ ಯಾರೋ ಕೂಗಿದರು. ಎಂಜಿನಿಯರು ಮೇಷ್ಟ್ರ ಕೈ ಕುಲುಕಿ, "ಇದಕ್ಕೆ ಧೈರ್ಯ ಬೇಕು ಸಾರ್," ಎಂದರು. ಆ ಕೈಯನ್ನು ಎಲ್ಲಿಟ್ಟುಕೊಳ್ಳುವುದೆಂದು ಮೇಷ್ಟ್ರಿಗೆ ತಿಳಿಯಲಿಲ್ಲ.

ಅಕ್ಕ ದಾರಿಯುದ್ದಕ್ಕೂ ಮುಂದೆ ಮುಂದೆ ನಡೆದಳು. ಮನೆಗೆ ಬಂದವಳೇ ಸೀದ ಪಾತ್ರೆಯನ್ನು ತಿಕ್ಕಲು ನಿಂತಳು. ಮೇಷ್ಟ್ರು ಬೆಳಿಗ್ಗೆ ಕೂತಲ್ಲೇ ಕೂತರು.

"ಕುಡಿಯೋಕೆ ನೀರು ಕೊಡಕ್ಕ."

ಅಕ್ಕ ಕ್ಯಾನಿನ ಕಡೆ ನೋಡಿದಳು. ಆಮೇಲೆ ನಲ್ಲಿ ತಿರುಗಿಸಿ ಲೋಟ ತುಂಬಿಸಿ ಅವರ ಮುಂದೆ ಕುಕ್ಕಿದಳು. "ಕುಡಿ. ನಿನಗೆ ಯಾವುದಾದರೇನು."

ಮೇಷ್ಟ್ರು ಕುಡಿದರು. ನೀರು ತಣ್ಣಗಿತ್ತು. ಒಣಗಿದ ಗಂಟಲಿಗೆ ಹಿತವಾಗಿಯೇ ಇತ್ತು, ಅದರಿಂದಲೇ ಅವರಿಗೆ ಭಯವಾಯಿತು. ಎರಡನೆಯ ಗುಟುಕಿಗೆ ಅಕ್ಕ ಲೋಟ ಕಿತ್ತುಕೊಂಡು ನೀರನ್ನು ಚೆಲ್ಲಿದಳು. "ಕೊಟ್ಟಿದ್ದೆಲ್ಲ ಕುಡೀತಾನೆ, ಮುಠ್ಠಾಳ," ಎಂದು ಅತ್ತಳು. ಕ್ಯಾನಿನ ನೀರು ತುಂಬಿಸಿಕೊಟ್ಟು, ಕಣ್ಣೊರೆಸಿಕೊಂಡು ಮತ್ತೆ ಪಾತ್ರೆ ತಿಕ್ಕತೊಡಗಿದಳು.

ಮೊಮ್ಮಗಳು ಶಾಲೆಯಿಂದ ಬಂದಳು. ಚೀಲ ಎಸೆದು ನಲ್ಲಿಯ ಹತ್ತಿರ ಹೋಗಿ, ಒಂದು ಕೈಯಲ್ಲಿ ಮೂಗು ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಮುಖ ತೊಳೆದಳು; ಅದು ಅವಳಿಗೆ ರೂಢಿಯಾಗಿತ್ತು. ಸೋಪು ಹಚ್ಚಿ ಎರಡು ಕೈಗಳನ್ನೂ ಗಸಗಸ ಉಜ್ಜಿಕೊಂಡಳು. ನೀರು ತೊಟ್ಟಿಕ್ಕುವ ಅಂಗೈಗಳನ್ನು ತಂದು ಮೇಷ್ಟ್ರ ಮುಖದೆದುರು ಚಾಚಿದಳು.

"ಹೋಯ್ತಾ ತಾತ? ಮೂಸಿ ನೋಡು."

ಪಾತ್ರೆ ತಿಕ್ಕುವ ಸದ್ದು ನಿಂತಿತು. ಮೇಷ್ಟ್ರು ಆ ಪುಟ್ಟ ಒದ್ದೆ ಕೈಗಳನ್ನು ಹಿಡಿದುಕೊಂಡು, ತಲೆ ತಗ್ಗಿಸಿ, ಉಸಿರೆಳೆದರು.