ಟ್ಯೂಬಿಗೆ ಹಾಕಿದ ಹಿಟ್ಟು

ಕಮಲಾಕ್ಷಮ್ಮ ಒಲೆಯ ಮುಂದೆ ಕೂತು ಗಂಜಿ ಕಲಕುತ್ತಿದ್ದಳು. ಕುಡಿಯುವ ಗಂಜಿಯಲ್ಲ, ನೂಲಿಗೆ ಹಚ್ಚುವ ಮರಗೆಣಸಿನ ಹಿಟ್ಟಿನ ಗಂಜಿ. ಸೋಮನೂರಿನ ಆ ಬೀದಿಯಲ್ಲಿ ಬಿಸಿಲೇರುವ ಮುಂಚೆ ಮಗ್ಗದ ಹಾಸುನೂಲನ್ನು ಉದ್ದಕ್ಕೆ ಎಳೆದು ಕಟ್ಟಿ ಗಂಜಿ ಹಚ್ಚಿಬಿಡಬೇಕು. ಇವತ್ತು ಅವರ ಮನೆಯ ಸರದಿ. ತಾವು ಊರಲ್ಲಿರುವುದಿಲ್ಲ ಎಂದಾಗ ಪಕ್ಕದ ಮನೆಯ ಸುಬ್ಬಾತಾಳ್, "ನೀ ಕಾಯಿಸಿಟ್ಟು ಹೋಗು, ಹಚ್ಚೋದು ನನಗಿರಲಿ" ಅಂದಿದ್ದಳು. ಗಂಟು ಕಟ್ಟೀತೆಂದು ಕಮಲಾಕ್ಷಮ್ಮ ಕೈ ನಿಲ್ಲಿಸಿರಲಿಲ್ಲ. ಅಷ್ಟರಲ್ಲಿ ಹೊರಗಿನಿಂದ ಗಂಡ ಬಸವರಾಜ ಕೂಗಿದ.

"ಕಮಲಾ, ಬಾ ಇಲ್ಲಿ. ವಂಡಿ ಕೂತ್ಬಿಟ್ಟದೆ."

ಸೌಟು ಹಿಡಿದುಕೊಂಡೇ ಓಡಿದಳು. ತಳ್ಳುಗಾಡಿಯ ಎಡಗಡೆಯ ಚಕ್ರ ನೆಲಕ್ಕೆ ಅಂಟಿಕೊಂಡು ಕೂತಿತ್ತು.

ನೂಲಿನ ಮೂಟೆ ಹೊರುವ ಆ ಗಾಡಿಗೆ ಮರದ ಚಕ್ರವಿರಲಿಲ್ಲ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಸಾಮಾನಿನಲ್ಲಿ ಬಸವರಾಜನಿಗೆ ಸಿಕ್ಕಿದ, ಗಾಳಿ ತುಂಬುವ ಪುಟ್ಟ ಚಕ್ರಗಳು. ಗಾಡಿ ಕುಲುಕದೆ ಉರುಳುತ್ತಿತ್ತು. ಅದಕ್ಕೇ ಏಳು ವರ್ಷದ ಮಗಳು ಪಂಕಜಂಗೆ ಅದೊಂದೇ ವಾಹನ. ಹೋದ ವರ್ಷ ಜ್ವರ ಬಂದು ಅವಳ ಬಲಗಾಲು ಸೋತಿತ್ತು. ಈಗ ಸೊಂಟದಿಂದ ಪಾದದವರೆಗೆ ಆಸ್ಪತ್ರೆಯ ಪ್ಲಾಸ್ಟರ್ ಹಿಟ್ಟಿನ ಗಟ್ಟಿ ಕಟ್ಟು, ಕಾಲು ಮಡಿಸುವಂತಿಲ್ಲ. ಬಸ್ಸಿನ ಸೀಟಿನಲ್ಲಿ ಹಿಡಿಸುವುದಿಲ್ಲ. ಎತ್ತಿನ ಗಾಡಿ ಹತ್ತಿಸಿದರೆ ಒಂದೊಂದು ಕುಲುಕಾಟಕ್ಕೂ ಚೀರುತ್ತಾಳೆ. ಇವತ್ತು ಮದರಾಸಿನ ಎಲುಬು ಡಾಕ್ಟರು ಕೊಯಮತ್ತೂರಿಗೆ ಬರುತ್ತಾರೆ. ಕಟ್ಟು ಬಿಚ್ಚಿ, ನಡೆಯಲು ಆಸರೆಯಾಗುವ ಕಬ್ಬಿಣದ ಕಂಬಿಯ ಬೂಟಿಗೆ ಅಳತೆ ತೆಗೆಯುತ್ತಾರೆ. ಇವತ್ತೊಂದೇ ದಿನ. ತಪ್ಪಿದರೆ ಮತ್ತೆ ಯಾವಾಗ ಬರುತ್ತಾರೆಂದು ಆಸ್ಪತ್ರೆಯವರಿಗೇ ಗೊತ್ತಿಲ್ಲ. ಸ್ಟೇಷನ್ನು ಎರಡು ಮೈಲಿ ದೂರ, ಬೆಳಗಿನ ರೈಲು ತಪ್ಪಿದರೆ ಮುಗಿಯಿತು.

ಹಸಿರು ಪಾವಾಡೆ ಉಟ್ಟ ಪಂಕಜಂ ಆಗಲೇ ಜಗಲಿಯ ಮೇಲೆ ತಯಾರಾಗಿ ಕೂತಿದ್ದಳು. ಏನೋ ಕೇಳಲೆಂದು ಬಾಯಿ ತೆರೆದು, ಅಮ್ಮನ ಮುಖ ನೋಡಿ ಮುಚ್ಚಿಕೊಂಡಳು. ಈಚೆಗೆ ಅವಳು ಹೀಗೆ ಮಾಡುವುದನ್ನು ಕಮಲಾಕ್ಷಮ್ಮ ಕಾಣುತ್ತಲೇ ಇದ್ದಳು. "ಏನು ಕಣ್ಣು" ಎಂದು ಮುದ್ದಿನಿಂದ ಕರೆದು ಕೇಳುವ ಧೈರ್ಯ ಅವಳಿಗೂ ಇರಲಿಲ್ಲ.

ಸೈಕಲ್ ಅಂಗಡಿಯ ಸೆಲ್ಲಪ್ಪನ್ ಸಲಕರಣೆಯ ಪೆಟ್ಟಿಗೆ ಹೊತ್ತುಕೊಂಡು ಓಡಿಬಂದ. "ಅಳಬೇಡ ಪಾಪಾ, ನಿನ್ನ ರಥ ಈಗ ಎದ್ದು ನಿಲ್ಲುತ್ತೆ."

"ನಾ ಎಲ್ಲಿ ಅಳ್ತಿದೀನಿ? ನಿಮಗೇ ಬೆವರು ಇಳೀತಿದೆ" ಅಂದಳು ಪಂಕಜಂ.

ಅವನು ನಗುತ್ತಾ ಟಯರಿನಡಿಗೆ ಕಬ್ಬಿಣದ ಪಟ್ಟಿ ತೂರಿಸಿ ಮೀಟಿದ. ಟಯರಿನ ಅಂಚು ಎದ್ದಿತು, ಒಳಗಿನ ಟ್ಯೂಬು ಏಳಲಿಲ್ಲ. ಬೆರಳು ತೂರಿಸಿ ಹೊರಗೆ ತೆಗೆದು ಮೂಸಿದ.

"ಅಣ್ಣಾ, ಇದಕ್ಕೆ ಯಾರು ಗಂಜಿ ಕುಡಿಸಿದ್ದು? ಚಕ್ರಕ್ಕೂ ಜ್ವರ ಬಂದಿತ್ತಾ?"

ಪಂಕಜಂ ಕಿಲಕಿಲ ನಕ್ಕಳು. ಕಮಲಾಕ್ಷಮ್ಮನ ಕೈಯ ಸೌಟಿನಿಂದ ಗಂಜಿ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ಹೋದ ವಾರ ಸೆಲ್ಲಪ್ಪನ್ ಕಾಂಗೇಯಕ್ಕೆ ತಂಗಿಯ ಮದುವೆಗೆ ಹೋಗಿದ್ದಾಗ ಬಸವರಾಜ ತಾನೇ ಪಂಕ್ಚರ್ ಹಾಕಿದ್ದ. ಟ್ಯೂಬು ಟಯರಿಗೆ ಅಂಟದಿರಲೆಂದು ಬಿಳಿ ಚಾಕ್ ಪುಡಿ ಉದುರಿಸಬೇಕು. ಅದು ಮನೆಯಲ್ಲಿರಲಿಲ್ಲ. ಕಮಲಾಕ್ಷಮ್ಮ ಹಿಟ್ಟಿನ ಡಬ್ಬ ತಂದುಕೊಟ್ಟಿದ್ದಳು. "ಎಳೆಗೆ ಎಳೆ ಅಂಟಬಾರದು ಅಂತಲೇ ಅಲ್ವಾ ನಾವು ಇದನ್ನ ಹಾಕೋದು? ನೂಲಿಗಾದ್ರೆ ಬಲ ಬರುತ್ತೆ, ರಬ್ಬರಿಗೆ ಬರಲ್ವಾ?" ನೇಯುವವನಿಗೆ ಆ ಮಾತು ಸರಿಯೆನಿಸಿತ್ತು. ನಿನ್ನೆ ಸಂಜೆ, ಮಗುವಿನ ಪಾವಾಡೆಗೆ ಎಣ್ಣೆಕೊಳೆ ತಾಗಬಾರದೆಂದು, ಅವಳೇ ಬಿಂದಿಗೆ ಬಿಂದಿಗೆ ನೀರು ಸುರಿದು ಗಾಡಿಯನ್ನು ತಿಕ್ಕಿ ತೊಳೆದಿದ್ದಳು. ನೀರು ಒಳಗಿಳಿದಿತ್ತು. ಹಿಟ್ಟು ನೆನೆದು, ರಾತ್ರಿಯೆಲ್ಲ ಒಣಗಿ, ಟ್ಯೂಬನ್ನು ಟಯರಿಗೆ ಬೆಸೆದುಬಿಟ್ಟಿತ್ತು.

"ನಾನೇ ಕೊಟ್ಟೆ" ಅಂದಳು. ಬಸವರಾಜ ಬೈಯದೆ ನೀರಿನ ಚೊಂಬು ತಂದಿಟ್ಟ. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತೇನೋ.

ಸೆಲ್ಲಪ್ಪನ್ ನಗುವುದನ್ನು ಬಿಟ್ಟು ನೀರು ಹನಿಸಿ ಹನಿಸಿ, ಹುಣ್ಣಿನ ಬಟ್ಟೆ ಬಿಡಿಸುವ ಹಾಗೆ ಟ್ಯೂಬು ಬಿಡಿಸಿದ. ಅರ್ಧ ಸುತ್ತು ಬಂತು. ಗಾಳಿ ತುಂಬುವ ಮೂತಿಯ ಹತ್ತಿರ ಪರ್ರೆಂದು ಹರಿಯಿತು. ಉಪ್ಪುಕಾಗದದಿಂದ ಉಜ್ಜಿ, ಸಲ್ಯೂಷನ್ ಹಚ್ಚಿ, ತೇಪೆ ಒತ್ತಿ ಪಂಪು ಹೊಡೆದ. ಬುಸ್ಸೆಂದಿತು. ಇನ್ನೊಂದು ತೇಪೆ ಒತ್ತಿದ, ಅದೂ ನಿಲ್ಲಲಿಲ್ಲ.

"ಮೂತಿಯ ಬುಡ ಕಿತ್ತರೆ ಏನೂ ನಿಲ್ಲಲ್ಲಣ್ಣಾ. ಈ ಸೈಜಿನ ಟ್ಯೂಬು ಕೊಯಮತ್ತೂರಲ್ಲೂ ಸಿಗಲ್ಲ." ಅವನ ದನಿ ಇಳಿದಿತ್ತು.

ಸುಬ್ಬಾತಾಳ್ ಮಡಿಲ ತುಂಬ ಸಿಕ್ಕುನೂಲು ತಂದು ಸುರಿದಳು. "ಇದನ್ನ ತುಂಬಿಸ್ರೋ, ಸುಮ್ನೆ ನೋಡ್ತಾ ನಿಂತ್ರೆ ರೈಲು ನಿಂತ್ಕೊಳ್ಳುತ್ತಾ?" ಬೀದಿಯವರೆಲ್ಲ ತಂದರು. ಟಯರಿನ ಹೊಟ್ಟೆಗೆ ನೂಲು ತುರುಕಿ, ಅಂಚು ಕೂರಿಸಿ, ಪಂಕಜಂಳನ್ನು ದಿಂಬುಗಳ ನಡುವೆ ಮಲಗಿಸಿ ಹೊರಟರು.

ಬೀದಿ ದಾಟುವವರೆಗೆ ಚೆನ್ನಾಗಿಯೇ ಹೋಯಿತು. ಆಮೇಲೆ ನೂಲು ಒಂದೇ ಕಡೆ ಉಂಡೆಗಟ್ಟಿತು. ಚಕ್ರ ಸುತ್ತಿದಷ್ಟು ಸಲವೂ ಗಾಡಿ ಎದ್ದು ಬೀಳುತ್ತಿತ್ತು. ಪಂಕಜಂ ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದಳು. ಅದು ಅಮ್ಮನ ಸೆರಗು. ಕಮಲಾಕ್ಷಮ್ಮ ಗಾಡಿಯ ಪಕ್ಕದಲ್ಲೇ ಬಗ್ಗಿ, ಕಟ್ಟಿನ ಕಾಲನ್ನು ಎರಡೂ ಕೈಯಲ್ಲಿ ಆತು ಹಿಡಿದುಕೊಂಡು ನಡೆದಳು. ಅರ್ಧ ದಾರಿಯಲ್ಲಿ ಟಯರೇ ಕಳಚಿ ಚರಂಡಿಗೆ ಉರುಳಿತು.

ಬಸವರಾಜ ಮಗಳನ್ನು ಎತ್ತಿಕೊಂಡ. ಕಟ್ಟಿನ ಕಾಲು ತೊಲೆಯಂತೆ ಅಡ್ಡಕ್ಕೆ ಚಾಚಿತ್ತು. ಹತ್ತಿಯ ಧೂಳು ಕುಡಿದು ಕುಡಿದು ಸವೆದ ಎದೆ ಅವನದು. ಸ್ವಲ್ಪ ದೂರ ಓಡಿದ, ಸ್ವಲ್ಪ ದೂರ ನಡೆದ, ಹುಣಸೆ ಮರದ ಕೆಳಗೆ ಕುಸಿದು ಕೂತ. ಕಮಲಾಕ್ಷಮ್ಮ ಎತ್ತಿಕೊಳ್ಳಹೋದಳು, ಸೊಂಟ ಏಳಲಿಲ್ಲ.

ಹೊಲದಾಚೆ ರೈಲು ಕೂಗಿತು. ಹೊಗೆ ಪಡುವಣಕ್ಕೆ ಸಾಗುವುದನ್ನು ಮೂವರೂ ನೋಡಿದರು.

"ಮುಂದಿನ ಸಲ ಹೋಗೋಣ ಕಣ್ಣು" ಅಂದಳು ಕಮಲಾಕ್ಷಮ್ಮ. ಮಗಳ ಹಣೆಯ ಬೆವರು ಒರೆಸಿದಳು. "ಡಾಕ್ಟರು ಮತ್ತೆ ಬಂದೇ ಬರ್ತಾರೆ."

ಪಂಕಜಂ ರೈಲನ್ನು ಬಿಟ್ಟು ಅಪ್ಪನ ಕಡೆ ನೋಡುತ್ತಿದ್ದಳು. ಅವನ ಎದೆ ತಿದಿಯಂತೆ ಏರಿಳಿಯುತ್ತಿತ್ತು. ಆಮೇಲೆ ಅಮ್ಮನ ಕಡೆ ತಿರುಗಿದಳು. ಬಾಯಿ ತೆರೆದಳು. ಈ ಸಲ ಮುಚ್ಚಿಕೊಳ್ಳಲಿಲ್ಲ.

"ಅಮ್ಮಾ, ನಾ ನಿನ್ನಷ್ಟು ದೊಡ್ಡೋಳಾದ್ಮೇಲೆ ನನ್ನ ಯಾರ್ ಎತ್ಕೋತಾರೆ?"