ಅರ್ಥ ಹೇಳಿದವಳು

ಸುವಾದಿಂದ ರಜೆಗೆ ಒಮಾನಿನ ಅಲ್ ಮಬೇಲಾಕ್ಕೆ ಬಂದ ರಾಫಿಯಾಳಿಗೆ ಮನೆಯಲ್ಲಿ ಸಿಕ್ಕ ಮರ್ಯಾದೆ ಅಷ್ಟಿಷ್ಟಲ್ಲ. ಮಗಳು ಫಿಜಿಯಲ್ಲಿ ಸಮುದ್ರ ವಿಜ್ಞಾನ ಓದುತ್ತಿದ್ದಾಳೆ ಎನ್ನುವುದಕ್ಕಿಂತ ಅಲ್ಲಿಯ ಭಾಷೆ ಕಲಿತಿದ್ದಾಳೆ ಎನ್ನುವುದೇ ಉಪ್ಪ ಶರ್ಫುದ್ದೀನರಿಗೆ ದೊಡ್ಡದಾಗಿತ್ತು. ಅವರ ಪರದೆ ಬಟ್ಟೆಯ ಅಂಗಡಿಗೆ ಊರಿನವರು ಯಾರೇ ಬರಲಿ, "ಒಮ್ಮೆ ಫಿಜಿಯಲ್ಲಿ ಮಾತಾಡು ಮಗಾ, ಇವರು ಕೇಳ್ಲಿ," ಎನ್ನುವರು. ರಾಫಿಯಾ ನಾಲ್ಕು ವಾಕ್ಯ ಗಡಗಡ ಒಪ್ಪಿಸುವಳು. ಕೇಳಿದವರು ಬೆರಗಾಗುವರು. ಅದು ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಸ್ವಪರಿಚಯ ಎಂದು ಅವಳೊಬ್ಬಳಿಗೇ ಗೊತ್ತಿತ್ತು.

ಸುವಾದಲ್ಲಿ ಅವಳ ಕೋಣೆಯವರು ಭಾರತ ಮೂಲದ ಹುಡುಗಿಯರು. ಮಾರ್ಕೆಟ್ಟಿನಲ್ಲಿ ಹಿಂದಿ ನಡೆಯುತ್ತಿತ್ತು, ಕಾಲೇಜಿನಲ್ಲಿ ಇಂಗ್ಲಿಷ್. ಫಿಜಿ ಭಾಷೆಯ ತರಗತಿಗೆ ಮನಸ್ಸಾದರೆ ಹೋದಳು, ಇಲ್ಲದಿದ್ದರೆ ಇಲ್ಲ. ಹೇಗೋ ಪಾಸಾದಳು.

ಒಂದು ಬೆಳಿಗ್ಗೆ ಮೇಲಿನ ಮನೆಯ ಡೀನಾ ಫೋನು ಮಾಡಿದಳು. ಅವಳು ಮಂಗಳೂರಿನವಳು, ಹತ್ತಿರದ ಖಾಸಗಿ ಆಸ್ಪತ್ರೆಯಲ್ಲಿ ನರ್ಸು.

"ರಾಫಿಯಾ, ಸ್ವಲ್ಪ ನಮ್ಮ ಆಸ್ಪತ್ರೆಗೆ ಬಾ ಮಾರಾಯ್ತಿ. ಇಲ್ಲೊಬ್ಬ ಫಿಜಿಯವ ಇದ್ದಾನೆ. ದುಕ್ಮ್ ಬಂದರಿನಲ್ಲಿ ಹಡಗಿನ ಏಣಿಯಿಂದ ಬಿದ್ದು ತಲೆಗೆ ಪೆಟ್ಟು. ಇಂಗ್ಲಿಷ್ ಚೆನ್ನಾಗಿ ಬರ್ತಿತ್ತಂತೆ, ಈಗ ಒಂದು ಶಬ್ದ ಬರುದಿಲ್ಲ. ಎಂತದೋ ಒಂದೇ ಸಮನೆ ಹೇಳ್ತಾನೆ. ಯಾರಿಗೂ ಅರ್ಥ ಆಗುದಿಲ್ಲ."

ನನಗೂ ಆಗುವುದಿಲ್ಲ ಎನ್ನಬಹುದಿತ್ತು. ಆದರೆ ಪಕ್ಕದಲ್ಲಿ ಉಪ್ಪ ನಿಂತಿದ್ದರು, ಕಾರಿನ ಕೀಲಿಕೈ ಆಗಲೇ ಅವರ ಕೈಗೆ ಬಂದಿತ್ತು.

ಗಾಯಾಳುವಿನ ಹೆಸರು ಜೋನೆ. ಮಂಚಕ್ಕೆ ಹಿಡಿಸದಷ್ಟು ದೊಡ್ಡ ಆಳು, ತಲೆತುಂಬ ಬ್ಯಾಂಡೇಜು. ಮಂಚದ ಬಳಿ ಡೀನಾ, ಒಬ್ಬ ಡಾಕ್ಟರು, ಹಡಗು ಕಂಪನಿಯ ಏಜೆಂಟ್ ಜೇಮ್ಸ್. ರಾಫಿಯಾ "ಬುಲಾ" ಎಂದು ನಮಸ್ಕಾರ ಹೇಳಿದ್ದೇ ತಡ, ಜೋನೆ ಅವಳ ಮಣಿಕಟ್ಟು ಹಿಡಿದುಕೊಂಡ. ಅವನ ಕಣ್ಣಲ್ಲಿ ನೀರು ತುಂಬಿತು.

"ಕುವಾ ನಿ ತುಕುನಾ ವೇ ತಿನಂಗು," ಎಂದ. ಉಸಿರು ಎಳೆದುಕೊಂಡು ಮತ್ತೆ ಅದನ್ನೇ ಎಂದ.

ತುಕುನಾ ಎಂದರೆ ಹೇಳು. ತಿನಂಗು ಎಂದರೆ ನನ್ನ ತಾಯಿ. ಎರಡೂ ಗೊತ್ತಿದ್ದ ಶಬ್ದಗಳೇ. ಮೊದಲಿನ 'ಕುವಾ'? ಎಲ್ಲೋ ಕೇಳಿದ ಹಾಗಿತ್ತು. ಇನ್ನೊಮ್ಮೆ ಹೇಳಿ ಎಂದು ಕೇಳೋಣವೆಂದು ಬಾಯಿ ತೆರೆದಳು. ಅಷ್ಟರಲ್ಲಿ ಡೀನಾ, "ನೋಡಿ ಡಾಕ್ಟರ್, ಇವಳಿಗೆ ಗೊತ್ತಾಯ್ತು!" ಎಂದುಬಿಟ್ಟಳು. ಬಾಗಿಲಲ್ಲಿ ನಿಂತಿದ್ದ ಉಪ್ಪನ ಮುಖ ಅರಳಿತು.

"ತಾಯಿಗೆ ಹೇಳಿ ಅಂತಿದ್ದಾನೆ," ಎಂದಳು ರಾಫಿಯಾ.

ಜೇಮ್ಸ್‌ಗೆ ಭಾರ ಇಳಿದಂತಾಯಿತು. "ನಾನು ಅದೇ ಯೋಚನೆಯಲ್ಲಿದ್ದೆ, ಮನೆಯವರಿಗೆ ತಿಳಿಸುದಾ ಬೇಡವಾ ಅಂತ. ಅವನೇ ಹೇಳಿದ ಮೇಲೆ ಖಲಾಸ್. ತಂಗಿಯ ನಂಬರ್ ಉಂಟು, ನೀವೇ ಮಾತಾಡಿ."

ವರಾಂಡದಲ್ಲಿ ನಿಂತು ಫೋನು ಹಚ್ಚಿದರು. ಫಿಜಿಯಲ್ಲಿ ಆಗಲೇ ಸಂಜೆ. ಎತ್ತಿದ್ದು ತಂಗಿಯಲ್ಲ, ತಾಯಿಯೇ. ಆಕೆಗೆ ಇಂಗ್ಲಿಷ್ ಬಾರದು. ರಾಫಿಯಾ ತಡವರಿಸುತ್ತ, ಜೋನೆ, ಹಡಗು, ಬಿದ್ದ, ತಲೆ, ಆಸ್ಪತ್ರೆ ಎಂದು ಶಬ್ದಗಳನ್ನು ಒಂದರ ಮುಂದೊಂದು ಇಟ್ಟಳು. ಆಮೇಲೆ ಮುದುಕಿ ಮಾತಾಡತೊಡಗಿದಳು. ಮೆಲ್ಲಗೆ, ಬಹಳ ಹೊತ್ತು, ನಡುನಡುವೆ ಬಿಕ್ಕುತ್ತ ಮಾತಾಡಿದಳು. ರಾಫಿಯಾ "ಇಯೋ, ಇಯೋ" ಎಂದು ಹೂಂಗುಟ್ಟಿದಳು. ಅವಳಿಗೆ ತಿಳಿದದ್ದು ಕೊನೆಯ ಮಾತು ಮಾತ್ರ: "ವಿನಾಕಾ, ಲುವೆಂಗು." ಉಪಕಾರವಾಯಿತು, ಮಗಳೇ.

ಅಂದು ಸಂಜೆ ಅಂಗಡಿಯಲ್ಲಿ ಉಪ್ಪ ಎಲ್ಲರಿಗೂ ಹಲ್ವ ಹಂಚಿದರು.

ರಾಫಿಯಾಳಿಗೆ ಮಾತ್ರ ಊಟ ಸೇರಲಿಲ್ಲ. ತಟ್ಟೆಯನ್ನು ಸರಿಸಿ, ಸುವಾದ ಗೆಳತಿಗೆ ಒಂದೇ ಶಬ್ದದ ಅರ್ಥ ಕೇಳಿ ಮೆಸೇಜು ಹಾಕಿದಳು. ನಡುರಾತ್ರಿ ಉತ್ತರ ಬಂತು: 'ಕುವಾ ಅಂದರೆ ಬೇಡ. ಮಕ್ಕಳಿಗೆ ಮೊದಲು ಕಲಿಸುವುದೇ ಅದು. ಯಾಕೆ?'

ತಾಯಿಗೆ ಹೇಳಬೇಡಿ. ಅವನು ಅಂಗಲಾಚಿದ್ದು ಅದನ್ನು.

ಅವಳು ಹೌಹಾರಿ ಜೇಮ್ಸ್‌ಗೆ ಫೋನು ಮಾಡಿದಳು, ಅವನು ಎತ್ತಲಿಲ್ಲ. ಮರುದಿನ ಅವನೇ ಮಾಡಿದ. ಜೋನೆಯ ತಾಯಿಗೆ ಮೊದಲೇ ಹೃದಯದ ಕಾಯಿಲೆಯಂತೆ. ಸುವಾದ ಕಂಪನಿ ಆಫೀಸಿಗೆ ಹೋಗಿ ಮಗನ ಸುದ್ದಿ ಕೇಳುತ್ತೇನೆಂದು ಹಟ ಹಿಡಿದು ಹೊರಟಿದ್ದಳಂತೆ. ದೋಣಿಗೆ ಕಾಯುತ್ತಿದ್ದಾಗ ತಮ್ಮ ದ್ವೀಪದ ಜೆಟ್ಟಿಯಲ್ಲೇ ಕುಸಿದು ತೀರಿಕೊಂಡಳಂತೆ.

"ನೀವೆಂತ ಮಾಡ್ಲಿಕ್ಕುಂಟು? ಇದ್ದದ್ದು ಹೇಳಿದಿರಿ," ಎಂದ ಜೇಮ್ಸ್.

ರಾಫಿಯಾ ಯಾರಿಗೂ ಬಾಯಿಬಿಡಲಿಲ್ಲ. ಉಪ್ಪ ಅಂಗಡಿಗೆ ಕರೆದರೆ ತಲೆನೋವು ಎಂದಳು. ಉಮ್ಮ ಹಣೆ ಮುಟ್ಟಿ ನೋಡಿ, ನೆತ್ತಿಗೆ ಎಣ್ಣೆ ತಟ್ಟಿದಳು. ಆ ಪ್ರೀತಿಯ ಕೈಯ ಕೆಳಗೆ ಕೂತಿರುವುದೂ ಮೋಸವೆನ್ನಿಸಿ ಹುಡುಗಿ ಎದ್ದುಹೋದಳು.

ದಿನ ಕಳೆದಂತೆ ಜೋನೆಗೆ ಇಂಗ್ಲಿಷ್ ಮರಳಿತು. ತಾಯಿ ತೀರಿದ್ದನ್ನು ತಂಗಿ ಸೆರಾ ಫೋನಿನಲ್ಲಿ ಅವನಿಗೆ ತಿಳಿಸಿದಳು. "ಜೋನೆ ನಿನ್ನನ್ನು ಕೇಳ್ತಿದ್ದಾನೆ. ನಮ್ಮ ಭಾಷೆ ಮಾತಾಡಿದ ಹುಡುಗಿಗೆ ಥ್ಯಾಂಕ್ಸ್ ಹೇಳ್ಬೇಕಂತೆ," ಎಂದಳು ಡೀನಾ. ಆ ಮಾತು ಕೇಳಿದ ಮೇಲೆ ರಾಫಿಯಾಳಿಗೆ ಮನೆಯಲ್ಲಿ ಕೂರಲಾಗಲಿಲ್ಲ.

ಜೋನೆ ದಿಂಬಿಗೆ ಒರಗಿ ಕೂತಿದ್ದ. ಅವಳನ್ನು ಕಂಡು ನಗಲು ನೋಡಿದ. "ಬಿದ್ದ ಹೊತ್ತಿನಿಂದ ಎಲ್ಲರಿಗೂ ಹೇಳುತ್ತಲೇ ಇದ್ದೆ, ಅಮ್ಮನಿಗೆ ತಿಳಿಸಬೇಡಿ ಅಂತ. ಆ ಕಂಪನಿಯವರು ಕೇಳಲಿಲ್ಲ ನೋಡು," ಎಂದ.

"ಕಂಪನಿಯವರಲ್ಲ. ನಾನು," ಎಂದಳು ರಾಫಿಯಾ. "ನೀವು ಹೇಳಿ ಅಂದಿರಿ ಅಂತ ನಾನೇ ಅರ್ಥ ಹೇಳಿದೆ. ಫೋನಿನಲ್ಲಿ ಮಾತಾಡಿದವಳೂ ನಾನೇ."

ಅವನು ಅವಳನ್ನೇ ನೋಡಿದ. "ಕುವಾ ಅಂದದ್ದು ನಿನಗೆ ಕೇಳಿಸಲಿಲ್ಲವೇ?"

ಇಲ್ಲ ಎಂದರೆ ನಂಬುತ್ತಿದ್ದ. ಬಿದ್ದು ಪೆಟ್ಟಾದವನ ಮಾತು ತೊದಲಿತ್ತು ಎಂದರೂ ನಡೆಯುತ್ತಿತ್ತು.

"ಕೇಳಿಸಿತ್ತು. ಅರ್ಥ ಗೊತ್ತಿರಲಿಲ್ಲ. ಎಲ್ಲರೂ ನೋಡುತ್ತಿದ್ದರು. ಗೊತ್ತಿಲ್ಲ ಅನ್ನಲು ನಾಚಿಕೆಯಾಯಿತು."

ಜೋನೆ ಹೊದಿಕೆಯನ್ನು ಎದೆಗೆ ಎಳೆದುಕೊಂಡ. ಬೈಯಲಿಲ್ಲ. ಕೊನೆಗೆ ಗೋಡೆಯ ಕಡೆ ಹೊರಳಿ, "ನೀನು ಹೋಗು," ಎಂದ. ಮುಂದಿನ ವಾರ ಅವನನ್ನು ಊರಿಗೆ ಕಳಿಸಿದರು. ಹೊರಡುವಾಗ ಡೀನಾಳಿಗೆ ಕೈಮುಗಿದನಂತೆ. ರಾಫಿಯಾಳ ಹೆಸರೆತ್ತಲಿಲ್ಲವಂತೆ.

ರಜೆ ಮುಗಿದು ಸುವಾಕ್ಕೆ ಮರಳಿದವಳು ಫಿಜಿ ಭಾಷೆಯ ಮೊದಲ ವರ್ಷದ ತರಗತಿಯಲ್ಲಿ ಮತ್ತೆ ಹೋಗಿ ಕೂತಳು. ಪಾಸಾದವಳು ಯಾಕೆ ಬಂದೆ ಎಂದು ಮೇಷ್ಟ್ರು ನಕ್ಕರು. ಅವಳು ಹೊಸ ನೋಟ್‌ಬುಕ್ಕು ತೆರೆದಳು.

ಮಳೆ ಹಿಡಿದ ಒಂದು ಮಧ್ಯಾಹ್ನ ಫೋನು ಬಂತು. ಸೆರಾ. ನಂಬರನ್ನು ಜೇಮ್ಸ್‌ನಿಂದ ಪಡೆದಿದ್ದಳು. ಫಿಜಿ ಭಾಷೆಯಲ್ಲೇ ಮಾತಾಡಿದಳು. ರಾಫಿಯಾ ತಡೆದು, ದಯವಿಟ್ಟು ನಿಧಾನವಾಗಿ ಹೇಳಿ, ನನಗೆ ಅಷ್ಟು ಬರುವುದಿಲ್ಲ ಎಂದಳು. ಸೆರಾ ಬಿಡಿಸಿ ಬಿಡಿಸಿ ಹೇಳಿದಳು.

"ಆ ಸಂಜೆ ನಾನು ಫೋನು ಬಿಟ್ಟು ಹೊರಗೆ ಹೋಗಿದ್ದೆ. ಅಮ್ಮ ನಿನ್ನ ಜೊತೆ ತುಂಬಾ ಹೊತ್ತು ಮಾತಾಡಿದಳಂತೆ. ಅದಾದ ಮೇಲೆ ನಮ್ಮ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ, ಬಟ್ಟೆ ಕಟ್ಟಿಕೊಂಡು ಹೊರಟಳು. ಅಣ್ಣನಿಗೆ ಏನು ಹೇಳಲು ಹೇಳಿದಳು? ಅವನು ನಿನ್ನನ್ನು ಕೇಳಲಾರೆ ಅನ್ನುತ್ತಾನೆ. ಅದಕ್ಕೆ ನಾನು ಕೇಳುತ್ತಿದ್ದೇನೆ."

ರಾಫಿಯಾಳಿಗೆ ಈ ಸಲ ಎಲ್ಲ ಶಬ್ದಗಳೂ ಅರ್ಥವಾದವು. ಮಗನನ್ನು ನೆನೆದಳು, ಹರಸಿದಳು ಎಂದು ಯಾವ ತಾಯಿಯ ಬಾಯಲ್ಲಾದರೂ ಬರುವ ಎರಡು ಮಾತು ಹೇಳಿಬಿಟ್ಟರೆ ಆ ಮನೆಗೆ ಸಮಾಧಾನವಾಗುತ್ತಿತ್ತು. ಹಾಗೆ ಹೇಳುವಷ್ಟು ಭಾಷೆಯೂ ಈಗ ಬರುತ್ತಿತ್ತು.

"ನನಗೆ ತಿಳಿಯಲಿಲ್ಲ," ಎಂದಳು. "ಅವರು ಹೇಳಿದ್ದಕ್ಕೆಲ್ಲ ಹೂಂ ಅಂದೆ. ಒಂದೂ ತಿಳಿಯಲಿಲ್ಲ."

ಸೆರಾಳ ಹಿಂದೆ ಯಾವುದೋ ಮಗು ಅಳುತ್ತಿತ್ತು. ರಾಫಿಯಾ ಫೋನನ್ನು ಕಿವಿಗೆ ಒತ್ತಿ ಹಿಡಿದು, ಆ ಕಡೆಯಿಂದ ಯಾವ ಮಾತು ಬಂದರೂ ಕೇಳಿಸಿಕೊಳ್ಳಬೇಕೆಂದು ನಿಂತೇ ಇದ್ದಳು.