ತಡಿ, ಬಂದೆ

ಆಡುವವರು ಕೈಬಿಟ್ಟರೂ ಅವನು ಸುಮ್ಮನೆ ನಿಲ್ಲುವುದಿಲ್ಲ. ಪರದೆಯ ಮೇಲೆ, ಮುರಿದ ಸೇತುವೆಯ ತುದಿಯಲ್ಲಿ, ಮೊದಲು ಎಡಗಾಲಿನಿಂದ ಬಲಗಾಲಿಗೆ ಭಾರ ಬದಲಿಸುತ್ತಾನೆ. ಆಮೇಲೆ ಜಾರುವ ಚಡ್ಡಿಯನ್ನು ಮೇಲೆಳೆದುಕೊಳ್ಳುತ್ತಾನೆ. ಬಗ್ಗಿ ಒಂದು ಕಲ್ಲು ಹೆಕ್ಕಿ ಕೆಳಗಿನ ಕಣಿವೆಗೆ ಎಸೆದು, ಅದು ಬೀಳುವ ಸದ್ದಿಗೆ ಕಿವಿಗೊಡುತ್ತಾನೆ. ಅಷ್ಟಾದರೂ ಯಾರೂ ಗುಂಡಿ ಒತ್ತದಿದ್ದರೆ ತಿರುಗಿ ನಮ್ಮ ಕಡೆ ನೋಡುತ್ತಾನೆ. ಮೊದಲ ದಿನ, ರೆಕಾರ್ಡಿಂಗ್ ಮಾಡಿಸುವ ಅಲ್ತಾಫ್ ನನಗೆ ತೋರಿಸಿದ್ದು ಇಷ್ಟೇ. ಆ ವಿಡಿಯೊ ಗೇಮಿನ ನಾಯಕನ ಹೆಸರು ಕಿಡಿ, ವಯಸ್ಸು ಹದಿನಾರು, ಕನ್ನಡದಲ್ಲಿ ಅವನಿಗೆ ಇನ್ನೂ ದನಿ ಇರಲಿಲ್ಲ.

ದನಿ ಕೊಡಬೇಕಾಗಿದ್ದವಳು ನಾನು. ಆಗ ನನಗೆ ಐವತ್ತೆರಡು ವರ್ಷ, ಮಂಡಿನೋವು, ಓದಲು ಕನ್ನಡಕ. ಹದಿನಾರರ ಹುಡುಗನಿಗೆ ಇವಳೇ ಸಿಕ್ಕಿದಳೇ ಎಂದು ಮೂಗು ಮುರಿಯುವವರಿಗೆ ಒಂದು ಮಾತು: ನಮ್ಮ ಕಸುಬಿನಲ್ಲಿ ಹುಡುಗರ ಪಾತ್ರಕ್ಕೆ ಹೆಂಗಸರೇ ಬೇಕು. ನಿಜವಾದ ಹುಡುಗನನ್ನು ಕರೆತಂದರೆ ಕೆಲಸ ಅರ್ಧವಾಗುವಷ್ಟರಲ್ಲಿ ಅವನ ದನಿ ಒಡೆದಿರುತ್ತದೆ. ಚಿಕ್ಕವಳಿದ್ದಾಗ ನಾನು ನಾಟಕ ಕಂಪನಿಯಲ್ಲಿ ಚಡ್ಡಿ ಹಾಕಿಕೊಂಡು ಕುಣಿದವಳು. ರೇಡಿಯೊ ನಾಟಕಗಳ ತುಂಟ ಹುಡುಗರೆಲ್ಲ ನಾನೇ ಆಗಿದ್ದೆ. ಆಮೇಲೆ ವಯಸ್ಸಿಗೆ ತಕ್ಕಂತೆ ಅತ್ತೆಯರು ಬಂದರು, ಅಜ್ಜಿಯರು ಬಂದರು, ಕೊನೆಕೊನೆಗೆ ಬರೀ ಕೆಮ್ಮು ಬಂತು. ಹಾಗಾಗಿ ಅಲ್ತಾಫ್ ಫೋನ್ ಮಾಡಿ, “ಮೇಡಂ, ಇನ್ನೊಂದ್ಸಲ ಹುಡುಗ ಆಗ್ತೀರಾ?” ಎಂದಾಗ ನಾನು ಯೋಚಿಸಲೇ ಇಲ್ಲ.

ರೆಕಾರ್ಡಿಂಗ್ ಕೋಣೆ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿತ್ತು. ಗೋಡೆಗೆಲ್ಲ ಹಾಸಿಗೆಯ ಸ್ಪಂಜು ಬಡಿದಿದ್ದರು. ಗಾಜಿನ ಆಚೆ ಅಲ್ತಾಫ್, ಈಚೆ ನಾನು, ಒಂದು ಮೈಕು, ಒಂದು ಲೋಟ ಬಿಸಿನೀರು. ಅವನು ಕೊಟ್ಟ ಕಾಗದದಲ್ಲಿ ಪಾತ್ರದ ಗುಣಗಳನ್ನು ಮೂರೇ ಪದಗಳಲ್ಲಿ ಬರೆದಿತ್ತು. ಉತ್ಸಾಹಿ. ದುಡುಕಿನವ. ನಿಷ್ಠಾವಂತ. ಅದರ ಕೆಳಗೆ, ಜೊತೆಗಾರರನ್ನು ಎಂದೂ ಬಿಟ್ಟು ಹೋಗುವುದಿಲ್ಲ ಎಂದು ಒಂದು ಸಾಲು. ನಾನು ಓದಿ ನಕ್ಕೆ.

“ಯಾಕೆ ಮೇಡಂ?” ಎಂದ ಅಲ್ತಾಫ್.

“ಇವ್ನು ನಂಗೆ ಗೊತ್ತು ಕಣಪ್ಪ. ನಮ್ಮನೇಲೇ ಬೆಳ್ದೋನು.”

ನನ್ನ ತಮ್ಮನ ಹೆಸರು ಶಾಂತವೀರ. ಹೆಸರಿಟ್ಟವರು ಯಾವ ಗಳಿಗೆಯಲ್ಲಿದ್ದರೋ, ಅವನು ಒಂದು ನಿಮಿಷ ಶಾಂತವಾಗಿ ಕೂತವನಲ್ಲ. ಮೆಟ್ಟಿಲಿದ್ದರೂ ಗೋಡೆ ಹಾರುತ್ತಿದ್ದ. ಬಿಸಿ ಎಂದರೆ ಮುಟ್ಟಿಯೇ ನೋಡುತ್ತಿದ್ದ. ನನಗೆ ಹನ್ನೊಂದು, ಅವನಿಗೆ ಎಂಟು ವರ್ಷವಿದ್ದಾಗ ನಾನು ಗೆಳತಿಯರ ಮೇಲಿನ ಹಟಕ್ಕೆ ನಮ್ಮ ಬೀದಿಯ ನೀರಿನ ಟ್ಯಾಂಕಿನ ಕಬ್ಬಿಣದ ಏಣಿ ಹತ್ತಿದೆ. ಅರ್ಧಕ್ಕೆ ಬಂದು ಕೆಳಗೆ ನೋಡಿದ್ದೇ ತಡ, ಕೈಕಾಲು ಹಿಡಿದುಕೊಂಡುಬಿಟ್ಟವು. ಹತ್ತಲೂ ಆಗದು, ಇಳಿಯಲೂ ಆಗದು. ಕೆಳಗೆ ದೊಡ್ಡವರು ಸೇರಿ ಹಗ್ಗ ತನ್ನಿ, ಇವರನ್ನು ಕರೆಯಿರಿ, ಅವರನ್ನು ಕರೆಯಿರಿ ಎಂದು ಕೂಗುತ್ತಿದ್ದಾಗ, ಅವರ ಕಾಲ ಸಂದಿಯಿಂದ ತೂರಿ ಬಂದು ಶಾಂತು ಏಣಿಗೆ ಜಿಗಿದ. “ತಡಿ ಅಕ್ಕಾ, ಬಂದೆ!”

ಬಂದ. ನನ್ನ ಕೆಳಗಿನ ಮೆಟ್ಟಿಲಲ್ಲಿ ನಿಂತು, ಒಂದು ಕೈಯಲ್ಲಿ ಏಣಿ ಹಿಡಿದು, ಇನ್ನೊಂದು ಕೈಯಿಂದ ನನ್ನ ಪಾದವನ್ನು ಹಿಡಿದು ಒಂದೊಂದೇ ಮೆಟ್ಟಿಲ ಮೇಲೆ ಇಟ್ಟ. ನಾನು ಕಣ್ಣು ಮುಚ್ಚಿಕೊಂಡೇ ಇಳಿದೆ. ನೆಲಕ್ಕೆ ನಾಲ್ಕು ಮೆಟ್ಟಿಲು ಉಳಿದಿದ್ದಾಗ, ಅಷ್ಟು ಜನ ನೋಡುತ್ತಿದ್ದಾರಲ್ಲ ಎಂದು, ಅವನು ಏಣಿಯಿಂದ ಹಾರಿದ. ಮಣಿಕಟ್ಟು ಮುರಿಯಿತು. ಕೊನೆಯವರೆಗೂ ಅವನ ಎಡಗೈ ಸ್ವಲ್ಪ ಹೊರಕ್ಕೆ ಬಾಗಿಯೇ ಇತ್ತು.

ಬೆಳೆದ ಮೇಲೂ ಬುದ್ಧಿ ಬರಲಿಲ್ಲ. ಕಲ್ಲುಕ್ವಾರಿಯಲ್ಲಿ ಕೆಲಸಕ್ಕೆ ಸೇರಿ, ಹೆಂಡತಿಯ ಬಾಣಂತನ ಎಂದ ಗೆಳೆಯನ ಪಾಳಿ, ಮೈ ಹುಷಾರಿಲ್ಲ ಎಂದ ಇನ್ನೊಬ್ಬನ ಪಾಳಿ, ಎಲ್ಲವನ್ನೂ ತಾನೇ ಮಾಡಿದ. ಮೂಗಿಗೆ ಬಟ್ಟೆ ಕಟ್ಟಿಕೋ ಎಂದರೆ, “ಉಸಿರು ಕಟ್ಟುತ್ತೆ ಹೋಗೇ” ಎನ್ನುತ್ತಿದ್ದ. ಇಪ್ಪತ್ತು ವರ್ಷದ ಕಲ್ಲುಪುಡಿ ಅವನ ಶ್ವಾಸಕೋಶದಲ್ಲಿ ಕೂತಿತು. ನಾನು ಕಿಡಿಯಾದ ವರ್ಷ ಅವನು ಮನೆಯ ಹೊಸ್ತಿಲು ದಾಟಲೂ ಆಗದೆ ಮಂಚ ಹಿಡಿದಿದ್ದ. ಅವನ ಊರಿಗೆ ಬಸ್ಸಿನಲ್ಲಿ ನಾಲ್ಕು ಗಂಟೆಯ ದಾರಿ.

ರೆಕಾರ್ಡಿಂಗ್ ಒಂಬತ್ತು ದಿನದ್ದು, ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ. ನಾನೂರ ಹನ್ನೆರಡು ಮಾತುಗಳು. ಬೀಳುವ ಕೂಗೇ ಹನ್ನೊಂದು ಬಗೆ: ನೀರಿಗೆ ಬಿದ್ದರೆ ಒಂದು, ಬೆಂಕಿಗೆ ಬಿದ್ದರೆ ಇನ್ನೊಂದು. ಆದರೆ ಮಾತುಗಳನ್ನು ಕನ್ನಡಕ್ಕೆ ತಂದ ಪುಣ್ಯಾತ್ಮ ಸರ್ಕಾರಿ ಅರ್ಜಿ ಬರೆದು ಪಳಗಿದವನಿರಬೇಕು. ಜೊತೆಗಾರ ಬೆಂಕಿಯ ನಡುವೆ ಸಿಕ್ಕಿಕೊಂಡಿರುವಾಗ ಕಿಡಿ ಹೀಗೆ ಕೂಗಬೇಕಿತ್ತು: “ದಯವಿಟ್ಟು ನಿರೀಕ್ಷಿಸು, ನಾನು ಆಗಮಿಸುತ್ತಿದ್ದೇನೆ!”

ಸಂಜೆ ಆರಕ್ಕೆ ಶಾಂತುವಿಗೆ ಫೋನ್ ಮಾಡುವುದು ವಾಡಿಕೆ. ಅವತ್ತು ತಮಾಷೆಗೆಂದು ಆ ಸಾಲು ಓದಿದೆ. ಅವನು ನಕ್ಕು, ಕೆಮ್ಮಿ, ಮತ್ತೆ ನಕ್ಕ.

“ಅಷ್ಟೊತ್ತಿಗೆ ಆ ಜೊತೆಗಾರ ಸುಟ್ಟು ಕರಕಲಾಗಿರ್ತಾನೆ ಕಣೇ. ಅವ್ನು ಹಂಗೆಲ್ಲ ಅನ್ನಲ್ಲ.”

“ಮತ್ತೇನಂತಾನೆ?”

“ತಡಿ, ಬಂದೆ, ಅಂತಾನೆ. ಅಷ್ಟೆ. ಓಡೋನಿಗೆ ಮಾತಾಡೋಕೆ ಉಸಿರೆಲ್ಲಿರುತ್ತೆ?”

ಮಾರನೆಯ ದಿನ ಅದನ್ನೇ ಹೇಳಿದೆ. ಗಾಜಿನ ಆಚೆ ಅಲ್ತಾಫ್ ಹೆಬ್ಬೆರಳು ಎತ್ತಿದ. ಅಂದಿನಿಂದ ದಿನಾ ಸಂಜೆ ನಾನು ಮರುದಿನದ ಮಾತುಗಳನ್ನು ಓದುವುದು, ಶಾಂತು ತಿದ್ದುವುದು. ಒಂದೊಂದು ಮಾತಿಗೂ ಅವನು ಉಸಿರು ಕೂಡಿಸಿಕೊಳ್ಳಬೇಕಿತ್ತು. ನಾನು ಬರೆದುಕೊಳ್ಳುತ್ತಾ ಸುಮ್ಮನಾದರೆ ಫೋನ್ ಕಟ್ಟಾಯಿತೇನೋ ಎಂದು, “ಅಕ್ಕಾ, ಇದ್ದೀಯಾ?” ಎನ್ನುತ್ತಿದ್ದ. ಕಿಡಿಯ ಬಗ್ಗೆ ಅವನಿಗೆ ಖಚಿತ ಅಭಿಪ್ರಾಯಗಳಿದ್ದವು. ಅವನು ಕ್ಷಮೆ ಕೇಳುವುದಿಲ್ಲ. ಸುಮ್ಮನೆ ಬಂದು ಪಕ್ಕದಲ್ಲಿ ಕೂರುತ್ತಾನೆ. ಹೆದರಿದಾಗ ಹೆಚ್ಚು ಜೋರಾಗಿ ಕೂಗುತ್ತಾನೆ. ಸೋತರೆ ಅಳುವುದಿಲ್ಲ, ಕಾಲಿಗೆ ಸಿಕ್ಕಿದ್ದನ್ನು ಒದೆಯುತ್ತಾನೆ. ತನ್ನನ್ನು ತಾನೇ ಹೇಳಿಕೊಳ್ಳುತ್ತಿದ್ದೇನೆ ಎಂದು ಅವನಿಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ಆರನೆಯ ಸಂಜೆ ಮಾತುಗಳೆಲ್ಲ ಮುಗಿದ ಮೇಲೆ ಅವನು ಫೋನ್ ಇಡಲಿಲ್ಲ.

“ಅಕ್ಕಾ, ಯಾವಾಗ ಬರ್ತೀಯ?”

“ಇನ್ನು ಮೂರೇ ದಿನ ಕಣೋ. ತಡಿ, ಬಂದೆ.”

ಅವನು ಉಸಿರು ಕೂಡಿಸಿಕೊಂಡ. ಆಮೇಲೆ, “ಈಗ ಸರಿಯಾಗಿ ಹೇಳ್ದೆ ನೋಡು. ನಾಳೆ ಹಿಂಗೇ ಹೇಳು” ಎಂದ. ನಾನು ಮರುದಿನ ಅಲ್ತಾಫನಿಗೆ ಹೇಳಿ ಆ ಮಾತನ್ನು ಇನ್ನೊಮ್ಮೆ ರೆಕಾರ್ಡ್ ಮಾಡಿಸಿದೆ. ಈಗ ಆಟದಲ್ಲಿರುವುದು ಅದೇ.

ಎಷ್ಟು ಸಲೀಸಾದ ಮಾತು! ಅಡುಗೆಮನೆಯಿಂದ ಕರೆದರೆ ಬಂದೆ ಎನ್ನುತ್ತೇವೆ, ಕೂತಲ್ಲಿಂದ ಏಳುವುದಿಲ್ಲ. ಬಾಗಿಲು ಬಡಿದರೆ ಬಂದೆ ಎನ್ನುತ್ತೇವೆ, ಇನ್ನೂ ಸ್ನಾನದ ಮನೆಯಲ್ಲಿರುತ್ತೇವೆ. ನಮ್ಮ ಭಾಷೆಯಲ್ಲಿ ಹೊರಡುವ ಮೊದಲೇ ಬಂದುಬಿಡಬಹುದು. ಶಾಂತು ಮಾತ್ರ ಆ ಮಾತನ್ನು ಹೇಳುವಾಗ ಆಗಲೇ ಏಣಿಯ ಮೇಲಿರುತ್ತಿದ್ದ.

ನಾನು ಯಾಕೆ ಹೋಗಲಿಲ್ಲ ಎಂಬುದಕ್ಕೆ ಆಗ ನನ್ನ ಬಳಿ ಕಾರಣಗಳಿದ್ದವು. ನಡುವೆ ಎರಡು ದಿನ ಬಿಟ್ಟರೆ ದನಿ ಬೇರೆಯಾಗುತ್ತದೆ, ಜೋಡಿಸಿದರೆ ಹೊಂದುವುದಿಲ್ಲ, ಇತ್ಯಾದಿ. ಸುಳ್ಳಲ್ಲ, ಆದರೆ ನಿಜವೂ ಅಲ್ಲ. ಅವನನ್ನು ಮಂಚದ ಮೇಲೆ ನೋಡುವ ಧೈರ್ಯ ನನಗಿರಲಿಲ್ಲ. ಫೋನಿನಲ್ಲಿದ್ದ ಶಾಂತು ಇನ್ನೂ ಗೋಡೆ ಹಾರುತ್ತಿದ್ದ. ನನಗೆ ಆ ಶಾಂತುವೇ ಸಾಕಿತ್ತು.

ಎಂಟನೆಯ ದಿನ ಬೆಳಗ್ಗೆ ಹನ್ನೊಂದಕ್ಕೆ ನೀಲಾಳ ಫೋನ್ ಬಂತು. ನೀಲಾ ಅವನ ಹೆಂಡತಿ, ಮೂರು ಮಾತು ಆಡುವ ಕಡೆ ಒಂದು ಆಡುವವಳು. “ಅತ್ತಿಗೆ, ಉಸಿರು ತುಂಬಾ ಕಷ್ಟ ಆಗಿದೆ. ಡಾಕ್ಟರು ಎಲ್ಲರನ್ನೂ ಕರೆಸಿ ಅಂದ್ರು. ಬೇಗ ಬನ್ನಿ.”

“ಹೊರಟೆ” ಎಂದೆ.

ಗಾಜಿನ ಆಚೆಯಿಂದ ಅಲ್ತಾಫ್ ನನ್ನ ಮುಖ ನೋಡಿ ಎದ್ದು ಬಂದ. “ಏನಾಯ್ತು ಮೇಡಂ? ನಿಲ್ಲಿಸ್ಬಿಡೋಣ್ವಾ?”

“ಎಷ್ಟು ಉಳ್ದಿದೆ?”

“ಮೂವತ್ತೊಂದು. ನಾಳೆ ನಾಡಿದ್ದು ಮಾಡಿದ್ರೂ ನಡಿಯುತ್ತೆ.”

“ಮುಗಿಸ್ಬಿಡೋಣ” ಎಂದೆ.

ಈಗಲೂ ಆ ಮಾತು ಯಾರ ಬಾಯಿಂದ ಬಂತು ಎಂದು ನನಗೆ ತಿಳಿಯದು. ನನಗೆ ಏನೂ ಅನ್ನಿಸುತ್ತಿರಲಿಲ್ಲ. ಅರ್ಧ ಏಣಿಯಲ್ಲಿ ಕೈಕಾಲು ಹಿಡಿದುಕೊಂಡಿದ್ದವಲ್ಲ, ಹಾಗೆಯೇ; ಈ ಸಲ ಒಳಗಿನದ್ದೆಲ್ಲ ಹಿಡಿದುಕೊಂಡಿತ್ತು. ಬಿಸಿನೀರು ಕುಡಿದೆ, ಹೆಡ್‌ಫೋನ್ ಸರಿಮಾಡಿಕೊಂಡೆ. ಉಳಿದಿದ್ದವು ಹೆಚ್ಚಾಗಿ ಕಾಯುವ ಮಾತುಗಳು, ಆಡುವವರು ಕೈಬಿಟ್ಟಾಗ ಕಿಡಿ ಆಡುವಂಥವು. ‘ಹೋಗೋಣ್ವಾ?’ ‘ನಿದ್ದೆ ಬಂತಾ?’ ‘ಏ, ಇಲ್ಲೇ ನಿಂತಿದ್ದೀನಿ.’ ಒಂದೂ ಎರಡನೆಯ ಸಲ ಹೇಳಬೇಕಾಗಲಿಲ್ಲ. ಕಾಗದದಲ್ಲಿ ‘ನೀನು ಅಲ್ಲಿರುವೆಯಾ?’ ಎಂದಿದ್ದುದನ್ನು ನಾನು ‘ಇದ್ದೀಯಾ?’ ಎಂದು ಹೇಳಿದೆ. ಮುಗಿದಾಗ ಹನ್ನೆರಡೂವರೆ. ಅಲ್ತಾಫ್ ಕಣ್ಣೊರೆಸಿಕೊಳ್ಳುತ್ತಿದ್ದ. ಇಡೀ ಕೆಲಸದಲ್ಲಿ ಇಷ್ಟು ಚೆನ್ನಾಗಿ ಬಂದ ಮಾತುಗಳೇ ಇಲ್ಲ ಎಂದ.

ಒಂದರ ಬಸ್ಸು ಸಿಕ್ಕಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೌತೆಕಾಯಿ ಹೆಚ್ಚಿ ಕೊಟ್ಟಳು, ತಿಂದೆ. ಉಪ್ಪು ಸ್ವಲ್ಪ ಜಾಸ್ತಿಯಾಯಿತು ಎಂದೂ ಹೇಳಿದೆ. ಐದಕ್ಕೆ ಇಳಿದು ನಡೆದು ಹೋದರೆ ಮನೆಯ ಮುಂದೆ ಚಪ್ಪಲಿಗಳು ಅಂಗಳ ಮೀರಿ ರಸ್ತೆಗೆ ಬಂದಿದ್ದವು. ಅವನು ಹೋದದ್ದು ಮೂರೂವರೆಗೆ. ಹನ್ನೊಂದಕ್ಕೇ ಹೊರಟಿದ್ದರೆ ಮೂರಕ್ಕೋ, ಮೂರು ಕಾಲಿಗೋ ಅಲ್ಲಿರುತ್ತಿದ್ದೆ. ಈ ಲೆಕ್ಕ ಮಾಡಲು ನನಗೆ ಪೆನ್ನು ಬೇಕಾಗಲಿಲ್ಲ.

“ಬಸ್ಸೇ ಸಿಗಲಿಲ್ಲ ನೀಲಾ” ಎಂದೆ. ಅದು ನಾನು ಬಾಗಿಲಲ್ಲಿ ಆಡಿದ ಮೊದಲ ಮಾತು.

ಅವಳು ನನ್ನ ಕೈ ಹಿಡಿದುಕೊಂಡಳು. “ಪಾಪ, ದಾರೀಲಿ ಎಷ್ಟು ಒದ್ದಾಡಿದ್ರೋ” ಎಂದಳು. ಆಮೇಲೆ, ಎಲ್ಲರೂ ನೀರು ಕಾಯಿಸುವ ಗಡಿಬಿಡಿಯಲ್ಲಿದ್ದಾಗ, ಒಂದು ಮೂಲೆಗೆ ಕರೆದು ಹೇಳಿದಳು: “ಕೊನೇಲಿ ಬಾಗಿಲ ಕಡೆನೇ ನೋಡ್ತಿದ್ರು. ‘ಅಕ್ಕ ಬಂದ್ಲಾ?’ ಅಂದ್ರು. ನೀವು ಹೊರಟೆ ಅಂದಿದ್ರಲ್ಲ, ಇನ್ನೇನು ಬಂದೇಬಿಡ್ತೀರ ಅಂತ… ‘ಬಂದ್ರು’ ಅಂದೆ. ಸಮಾಧಾನ ಆಯ್ತು ಅವ್ರಿಗೆ. ತಪ್ಪು ಮಾಡಿದ್ನಾ ಅತ್ತಿಗೆ?”

ಇಲ್ಲ ಎಂದು ತಲೆಯಾಡಿಸಿದೆ. ಸುತ್ತ ಅಳುತ್ತಿದ್ದವರು ನಾನು ಅಳಲಿ ಎಂದು ಕಾದರು. ದುಃಖ ಒಳಗೇ ಇಟ್ಟುಕೊಂಡರೆ ಕಷ್ಟ ಎಂದು ಬೆನ್ನು ಸವರಿದರು. ಒಳಗೆ ಏನೂ ಇರಲಿಲ್ಲ. ಹಾಸಿಗೆಯ ಸ್ಪಂಜು ಬಡಿದ ಆ ಕೋಣೆಯಲ್ಲಿ ಎಷ್ಟು ಕೂಗಿದರೂ ಸದ್ದು ಹಿಂದಿರುಗುವುದಿಲ್ಲ, ನಾನು ಹಾಗಿದ್ದೆ.

ಆಟ ಹೊರಬಂದು ಮಕ್ಕಳ ಬಾಯಲ್ಲೆಲ್ಲ ಕಿಡಿಯೇ ಆದ. ನಮ್ಮ ಬೀದಿಯಲ್ಲಿ ಸೈಕಲ್ ಬಿದ್ದರೆ, “ತಡಿ, ಬಂದೆ!” ಎಂದು ಕೂಗಿಕೊಂಡು ನಾಲ್ಕು ಹುಡುಗರು ಓಡುತ್ತಿದ್ದರು. ನಾನು ಕಿಟಕಿ ಹಾಕಿಕೊಳ್ಳುತ್ತಿದ್ದೆ.

ಎಂಟು ತಿಂಗಳಾದ ಮೇಲೆ ಒಂದು ಭಾನುವಾರ ನೀಲಾಳ ಮನೆಗೆ ಹೋದೆ. ಹೋದದ್ದು ಹೇಳಲಿಕ್ಕೆ. ಬಸ್ಸು ಇತ್ತು, ನಾನೇ ಹೊರಡಲಿಲ್ಲ ಎಂದು ಹೇಳಿಬಿಟ್ಟರೆ ಅವಳು ಬೈಯಬಹುದು, ಹೊರಗೆ ಕಳಿಸಬಹುದು, ಆಗಲಾದರೂ ನನಗೆ ಏನೋ ಒಂದು ಅನ್ನಿಸಬಹುದು ಎಂಬ ಆಸೆ. ದಾರಿಯುದ್ದಕ್ಕೂ ಆ ಒಂದು ಸಾಲನ್ನು ಬಾಯಿಪಾಠ ಮಾಡಿದ್ದೆ.

ನಡುಮನೆಯಲ್ಲಿ ಶಾಂತುವಿನ ಮಗಳು ಮಂದಾರ ಆಡುತ್ತಿದ್ದಳು. ಹನ್ನೆರಡು ವರ್ಷ, ಅಪ್ಪನ ಹಾಗೆಯೇ ಕುರ್ಚಿಯಿದ್ದರೂ ಅದರ ಕೈಮೇಲೆ ಕೂರುವವಳು. ಪರದೆಯ ಮೇಲೆ ಕಿಡಿ ಬೆಂಕಿಗೆ ನುಗ್ಗುತ್ತಿದ್ದ.

“ಅತ್ತೆ, ಇದು ನಿಮ್ಮ ದನಿ ಅಂತ ನನ್ನ ಫ್ರೆಂಡ್ಸ್ ನಂಬೋದೇ ಇಲ್ಲ” ಎಂದಳು, ಕಣ್ಣು ತೆಗೆಯದೆ. “ನಂಗೂ ಆಗಾಗ ಮರ್ತೋಗುತ್ತೆ. ಅಪ್ಪನೇ ಮಾತಾಡ್ದಂಗಿರುತ್ತೆ.”

ಒಳಗಿನಿಂದ ನೀಲಾ, “ಮಂದಾರಾ, ಊಟಕ್ಕೆ ಬಾ” ಎಂದಳು.

“ಬಂದೆ!” ಎಂದು ಮಂದಾರ ಇನ್ನೂ ಐದು ನಿಮಿಷ ಆಡಿದಳು. ಎರಡನೆಯ ಸಲ ಕರೆದಾಗ ಆಟದ ಗುಂಡಿಗಳಿದ್ದ ರಿಮೋಟನ್ನು ನನ್ನ ಮಡಿಲಿಗೆ ಹಾಕಿ ಓಡಿದಳು.

ಮುರಿದ ಸೇತುವೆಯ ತುದಿಯಲ್ಲಿ ಅವನೊಬ್ಬನೇ ಉಳಿದ. ಎಡಗಾಲಿನಿಂದ ಬಲಗಾಲಿಗೆ ಭಾರ ಬದಲಿಸಿದ. ಚಡ್ಡಿ ಮೇಲೆಳೆದುಕೊಂಡ. ಕಲ್ಲು ಹೆಕ್ಕಿ ಎಸೆದು ಕಿವಿಗೊಟ್ಟ. ನನ್ನ ಹೆಬ್ಬೆರಳು ಗುಂಡಿಯ ಮೇಲೆಯೇ ಇತ್ತು; ಒತ್ತಲಿಲ್ಲ. ಅವನು ತಿರುಗಿ ನನ್ನನ್ನು ನೋಡಿ, ನನ್ನದೇ ದನಿಯಲ್ಲಿ, ಅವನದೇ ಮಾತಿನಲ್ಲಿ ಕೇಳಿದ:

“ಇದ್ದೀಯಾ?”

ಅಡುಗೆಮನೆಯಲ್ಲಿ ತಟ್ಟೆ ಇಡುವ ಸದ್ದಾಯಿತು. “ಅತ್ತಿಗೆ, ನೀವೂ ಬನ್ನಿ, ಬಡಿಸ್ತಾ ಇದ್ದೀನಿ” ಎಂದಳು ನೀಲಾ.

“ಬಂದೆ” ಎಂದೆ.

ಕೂತಲ್ಲೇ ಕೂತಿದ್ದೆ. ಅವನು ಮತ್ತೆ ಬಗ್ಗಿ ಇನ್ನೊಂದು ಕಲ್ಲು ಹೆಕ್ಕಿದ.